ಬಿಸಿ ನೀರನ್ನು ಯಾರೂ ಮೂಸಿ ನೋಡುವುದಿಲ್ಲ

ಬಂದರು! ಮಗಳೂ ಬಂದಳು, ಮಗಳ ಮಗಳೂ ಬಂದಳು. ನಿನ್ನೆ ಮಧ್ಯಾಹ್ನ ನಮ್ಮ ಗುಡ್ಡೆಯ ಬುಡದಲ್ಲಿ ಜೀಪು ನಿಂತಿತು. ಮೊದಲು ಅಳಿಯ ಸುಧಾಕರ ಇಳಿದ. ಆಮೇಲೆ ನನ್ನ ಹೆಂಡತಿ ಗಿರಿಜ, ಎದೆಗೆ ಒಂದು ಬಟ್ಟೆಯ ಕಟ್ಟು ಅವುಚಿಕೊಂಡು. ಕೊನೆಗೆ ನನ್ನ ಮಗಳು ವಿನುತ, ಯಾರ ಕೈಯನ್ನೂ ಹಿಡಿಯದೆ, ತನ್ನ ಕಾಲಮೇಲೆ ತಾನೇ. ಆ ಕಟ್ಟಿನೊಳಗಿದ್ದದ್ದು ನನ್ನ ಮೊಮ್ಮಗಳು. ಮುಷ್ಟಿಯಷ್ಟು ಮುಖ, ಅದರಲ್ಲಿ ನನ್ನ ಅಮ್ಮನ ಮೂಗು. ನಾನು ಅಜ್ಜ! ಪಕ್ಕದ ಮನೆಯ ನಾಯಿಗೆ ಸಹ ಹೇಳಿ ಆಯಿತು. ಇನ್ನು ಓದುವ ನಿಮಗೂ ಹೇಳಿಬಿಟ್ಟೆ.

ಹುಟ್ಟಿ ವಾರಗಳೇ ಆಗಿದ್ದವು, ನಾನು ನೋಡಿದ್ದು ನಿನ್ನೆ. ಅಳಿಯ ಫೋಟೋ ಕಳಿಸಿದ್ದ, ಗಾಜಿನ ಪೆಟ್ಟಿಗೆಯೊಳಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದ ಫೋಟೋ. ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಫೋಟೋದಲ್ಲಿ ಮಗುವಿನ ವಾಸನೆ ಬರುವುದಿಲ್ಲ. ನಿನ್ನೆ ಮೂಸಿದೆ. ಹಾಲು, ತೆಂಗಿನೆಣ್ಣೆ, ಬಿಸಿಲಿಗೆ ಒಣಗಿದ ಬಟ್ಟೆ. ಜೀವಮಾನವಿಡೀ ಮೂಗಿನಿಂದಲೇ ಅನ್ನ ತಿಂದವನು ನಾನು. ಇಷ್ಟು ಒಳ್ಳೆಯ ವಾಸನೆ ನನಗೆ ಯಾವ ಗುಡ್ಡದ ಹೊಟ್ಟೆಯಲ್ಲೂ ಸಿಕ್ಕಿರಲಿಲ್ಲ.

ನಾನು ಕನ್ನಡ ಶಾಲೆಯಲ್ಲಿ ಐದನೆಯ ಕ್ಲಾಸಿನವರೆಗೆ ಹೋದವನು. ಬರೆಯುವ ಕೆಲಸ ನನ್ನದಲ್ಲ. ಆದರೂ ಕೂತಿದ್ದೇನೆ. ಯಾಕೆಂದರೆ ಆಸ್ಪತ್ರೆಯ ಬೆಂಚಿನಲ್ಲಿ ಕಣ್ಣು ಹಳದಿಯಾಗಿ ಕೂತಿದ್ದಾಗ, ‘ಇದು ಬಂದವರು ಬದುಕಿ ಮನೆಗೆ ಹೋಗಿದ್ದಾರೆ’ ಎಂದು ಹೇಳುವ ಒಂದು ಪ್ರಾಣಿಯೂ ನನ್ನ ಹತ್ತಿರ ಇರಲಿಲ್ಲ. ಯಾವ ಮನೆಯಲ್ಲಿ ಈಗ ಯಾರು ಹಾಗೆ ಕೂತಿದ್ದಾರೋ, ಅವರಿಗೆ ಈ ಮಾತು ಮುಟ್ಟಲಿ.

ಕಾಸರಗೋಡಿನ ಹತ್ತಿರದ ನಮ್ಮ ನೆಕ್ರಾಜೆಯ ಬದಿಯಲ್ಲಿ ಬಾವಿ ತೋಡಿದರೆ ಹೆಚ್ಚಾಗಿ ಸಿಗುವುದು ಕಲ್ಲು. ಹಾಗಾಗಿ ಗುಡ್ಡದ ಬದಿಗೆ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಬಿಲ ಕೊರೆದು, ಗುಡ್ಡದ ಹೊಟ್ಟೆಯಲ್ಲಿರುವ ನೀರನ್ನು ಮೆಲ್ಲ ಹೊರಗೆ ಇಳಿಸುತ್ತೇವೆ. ಅದಕ್ಕೆ ಸುರಂಗ ಎನ್ನುವುದು. ಅದನ್ನು ಕೊರೆಯುವುದೇ ನನ್ನ ಕಸುಬು. ಮೊಂಬತ್ತಿ ಹೊತ್ತಿಸಿಕೊಂಡು ಒಳಗೆ ಹೋದರೆ, ಮಣ್ಣು ಮೂಸಿಯೇ ನೀರು ಹತ್ತಿರ ಉಂಟೋ ಇಲ್ಲವೋ ಹೇಳುತ್ತಿದ್ದೆ. ವಿನುತ ಸಣ್ಣವಳಿದ್ದಾಗ ಗಂಜಿಯ ಪಾತ್ರೆ ಹಿಡಿದು ಬಂದು ಸುರಂಗದ ಬಾಯಲ್ಲಿ ನಿಂತು ಕೂಗುತ್ತಿದ್ದಳು: “ಅಪ್ಪಾ, ಹೊರಗೆ ಬನ್ನಿ, ಊಟಕ್ಕಾಯ್ತು!” ಆ ಸ್ವರ ಮಣ್ಣಿಗೆ ಬಡಿದು ಬಡಿದು ನನ್ನ ಹತ್ತಿರ ಬರುವಾಗ ದೊಡ್ಡದಾಗಿರುತ್ತಿತ್ತು. ಹೊರಗೆ ಬಂದು ನೋಡಿದರೆ ನಿಂತಿದ್ದವಳು ಇಷ್ಟುದ್ದ.

ಅವಳನ್ನು ಗಡಿಯ ಬದಿಯ ಕುಂಜತ್ತೂರಿಗೆ ಮದುವೆ ಮಾಡಿ ಕೊಟ್ಟೆವು. ಅಳಿಯ ವಯರಿಂಗ್ ಕೆಲಸದವನು, ಒಳ್ಳೆಯ ಹುಡುಗ. ವರ್ಷಗಟ್ಟಲೆ ಮಕ್ಕಳಾಗಲಿಲ್ಲ. ಸುಧಾಕರ ಹರಕೆ ಹೊತ್ತು ಪ್ರತಿವರ್ಷ ಮಾಲೆ ಹಾಕಿ ಶಬರಿಮಲೆಗೆ ನಡೆದುಕೊಂಡೇ ಹೋಗುವವನು. ಕಳೆದ ವರ್ಷ ವಿನುತ ಬಸುರಿಯಾದಳು. ಹೆಂಡತಿ ಬಸುರಿ ಎಂದರೆ ಗಂಡ ಮಲೆಗೆ ಹೋಗಬಾರದು ಎಂಬುದು ಅವರ ಮನೆಯ ಕ್ರಮ. ಹರಕೆ ನಿಲ್ಲುವುದು ಬೇಡ, ನಾನು ಹೋಗುತ್ತೇನೆಂದೆ. ಏಳನೆಯ ತಿಂಗಳಲ್ಲಿ ಮಗಳನ್ನು ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಕರೆದುಕೊಂಡು ಬಂದು, ಗಿರಿಜಳ ಕೈಗೆ ಒಪ್ಪಿಸಿ, ನಾನು ಮಾಲೆ ಹಾಕಿದೆ.

ನಮ್ಮ ಊರಿನ ಗುಂಪು. ಅದರಲ್ಲಿ ನನ್ನ ಜೊತೆಗಾರ ಐತಪ್ಪ. ಸುರಂಗದಿಂದ ನಾನು ಮಣ್ಣು ಕೊಟ್ಟರೆ ಹೊತ್ತು ಹೊರಗೆ ಹಾಕುತ್ತಿದ್ದವನು ಅವನೇ.

ನಡೆದು ಹೋಗುವವನಿಗೆ ಊಟ ಎಲ್ಲಿಯೂ ಸಿಗುತ್ತದೆ. ಸಿಗದೆ ಇರುವುದು ನೀರು. ಇದನ್ನು ನಡೆಯದವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಕೇರಳದಲ್ಲಿ ನೀರಿಗೆ ಬರವೇ ಎಂದು ನಗುತ್ತಾರೆ. ದಾರಿಯುದ್ದಕ್ಕೂ ನೀರು ಕಾಣುತ್ತದೆ, ಹೌದು; ಕುಡಿಯುವ ನೀರು ಕಾಣುವುದಿಲ್ಲ. ಹೊಳೆ ಕಂದು. ಬಾವಿಗೆ ಬಲೆ ಹಾಕಿ ಬೀಗ. ನಲ್ಲಿ ತಿರುಗಿಸಿದರೆ ಮೊದಲು ಗಾಳಿ, ಆಮೇಲೆ ತುಕ್ಕು. ಅಂಗಡಿಯ ಬಾಟಲಿ ನೀರು ಟಾರಿನ ಬಿಸಿಗೆ ಪ್ಲಾಸ್ಟಿಕ್ ಪ್ಲಾಸ್ಟಿಕ್ ಎನ್ನುತ್ತದೆ. ತಲೆಯಲ್ಲಿ ಇರುಮುಡಿ, ಕಾಲಲ್ಲಿ ಚಪ್ಪಲಿ ಇಲ್ಲ, ನಾಲಿಗೆ ಹಲ್ಲಿಗೆ ಅಂಟಿರುತ್ತದೆ.

ಅಲ್ಲಿ ನನ್ನ ಮೂಗಿಗೆ ಕೆಲಸ ಬಂತು. ಯಾರಾದರೂ ಬಾವಿ ತೋರಿಸಿದರೆ ಮೊದಲು ನಾನು ಹೋಗುವುದು. ಕಕ್ಕಸಿನ ಗುಂಡಿ ಎಷ್ಟು ದೂರ ಉಂಟು, ಮೇಲ್ಬದಿಗೋ ಕೆಳಬದಿಗೋ ಎಂದು ನೋಡುವುದು. ಅಂಗೈಯಲ್ಲಿ ಹಿಡಿದು ಮೂಸುವುದು. ನಾಲಿಗೆಯಲ್ಲಿ ಸ್ವಲ್ಪ ಇಟ್ಟುಕೊಂಡು ಉಗಿಯುವುದು. ಆಮೇಲೆ ‘ಹೂಂ’ ಅಥವಾ ‘ಬೇಡ’.

ನಾನು ‘ಹೂಂ’ ಎನ್ನುವವರೆಗೆ ಬಾಟಲಿ ಬಾಯಿಗೆ ಹೋಗುತ್ತಿರಲಿಲ್ಲ. ನನಗೆ ನೀರುಸ್ವಾಮಿ ಎಂದು ಹೆಸರಿಟ್ಟರು. ಐತಪ್ಪ ಒಬ್ಬನಿಗೆ ಮಾತ್ರ ಇದು ತಮಾಷೆ.

“ನಿನಗಲ್ಲ ಮಾರಾಯ, ನಿನ್ನ ಮೂಗಿಗೆ ಮಾಲೆ ಹಾಕ್ಬೇಕಿತ್ತು. ಗುರುಸ್ವಾಮಿ ಅದುವೇ.”

“ನೀನು ಆ ನಲ್ಲಿಯ ನೀರು ಕುಡಿದಿಯಾ?”

“ಕುಡಿದೆ. ಅಯ್ಯಪ್ಪ ನೋಡಿಕೊಳ್ತಾನೆ.”

“ಅಯ್ಯಪ್ಪನಿಗೆ ಬೇರೆ ಕೆಲಸ ಇಲ್ವಾ, ನಿನ್ನ ಹೊಟ್ಟೆ ಕಾಯ್ಲಿಕ್ಕೆ?”

ಹೀಗೆ ಬೈದುಕೊಂಡು, ನಗಾಡಿಕೊಂಡು ಹೋದೆವು.

ಮಲೆ ಇನ್ನೂ ದೂರ ಇದ್ದಾಗ ಒಂದು ಕಡೆ, ಎಲ್ಲಿ ಎಂದು ಹೇಳುವುದಿಲ್ಲ, ಪುಣ್ಯಕ್ಕೆ ಕೊಟ್ಟವರ ಹೆಸರು ಕೆಡಿಸಬಾರದು, ರಸ್ತೆಬದಿಗೆ ತಗಡಿನ ಚಪ್ಪರ ಕಟ್ಟಿದ್ದರು. “ಸ್ವಾಮೀ, ಚೂಡುವೆಳ್ಳಂ! ಚೂಡುವೆಳ್ಳಂ!” ಎಂದು ಕರೆಯುತ್ತಿದ್ದರು. ಬಿಸಿನೀರು. ಕೇರಳದಲ್ಲಿ ಮನೆಮನೆಯ ಪದ್ಧತಿ ಇದು: ಪದಿಮುಗ ಎಂಬ ಮರದ ಚಕ್ಕೆ ಹಾಕಿ ನೀರು ಕುದಿಸುವುದು, ನೀರು ಗುಲಾಬಿ ಬಣ್ಣಕ್ಕೆ ತಿರುಗುವುದು, ಊಟದ ಜೊತೆ ಅದನ್ನೇ ಕುಡಿಯುವುದು. ನಮ್ಮ ಮನೆಯಲ್ಲೂ ಹಾಗೆಯೇ. ದೊಡ್ಡ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಲೋಟೆಗೆ ಹೊಯ್ದು ಕೊಟ್ಟರು. ಬಾಯಿಗಿಟ್ಟರೆ ಸುಟ್ಟಿತು. ಎಲ್ಲರೂ ಊದುವವರೇ. ಹಿಂದಿನ ಗುಂಪಿನವರು ತಳ್ಳುತ್ತಿದ್ದಾರೆ. ಆಗ ಅಲ್ಲಿದ್ದ ಒಬ್ಬ ಹೆಂಗಸು ಪಾಪ, ನಮ್ಮ ಅವಸ್ಥೆ ನೋಡಿ, ಪಕ್ಕದ ನೀಲಿ ಡ್ರಮ್ಮಿನಿಂದ ಒಂದು ಬಾಲ್ದಿ ತಣ್ಣೀರು ಮೊಗೆದು ಹಂಡೆಗೆ ಹೊಯ್ದಳು. ನಾನು ನೋಡುತ್ತಾ ನಿಂತಿದ್ದೆ. ಎಷ್ಟು ಒಳ್ಳೆಯ ಬುದ್ಧಿ ಎಂದುಕೊಂಡೆ. ಈಗ ಹದವಾದ ಬಿಸಿ, ಹದವಾದ ಬಣ್ಣ. ಹೊಟ್ಟೆ ತುಂಬ ಕುಡಿದೆ. ಬಾಟಲಿಗೂ ತುಂಬಿಸಿದೆ.

ಮೂಸಲಿಲ್ಲ. ಬಿಸಿ ನೀರನ್ನು ಯಾರು ಮೂಸಿ ನೋಡುತ್ತಾರೆ?

ಐತಪ್ಪ ಕುಡಿಯಲಿಲ್ಲ. “ಬಿಸಿನೀರು ಬಾಣಂತಿಯರಿಗೆ,” ಎಂದು ಹೇಳಿ ರಸ್ತೆ ದಾಟಿ ಸೋಡ ಕುಡಿಯಲು ಹೋದ.

ದರ್ಶನ ಆಯಿತು. ರೈಲಿನಲ್ಲಿ ವಾಪಸ್ ಬಂದೆವು. ಮನೆ ಮುಟ್ಟಿದ ಕೂಡಲೇ ಗಿರಿಜ ಚೆಂಬಿನ ನೀರು ಕೊಟ್ಟಳು, ಕಾಲು ತೊಳೆದೆ, ದೇವರ ಮುಂದೆ ಮಾಲೆ ತೆಗೆದೆ. ಮಲೆಗೆ ಹೋಗಿ ಬಂದವನು ಪ್ರಸಾದವನ್ನು ತನ್ನ ಕೈಯಿಂದಲೇ ಬಸುರಿಗೆ ಕೊಡಬೇಕು, ಚಮಚ ಆಗಬಾರದು. ವಿನುತ ಅಂಗೈ ಒಡ್ಡಿದಳು. ಅರವಣ ಪಾಯಸದ ಡಬ್ಬಿಯಿಂದ ಬೆರಳಲ್ಲಿ ತೆಗೆದು ಅಂಗೈಗೆ ಹಾಕಿದೆ. ನೆಕ್ಕಿ, “ಅಪ್ಪಾ, ಇನ್ನೊಂಚೂರು,” ಎಂದಳು. ಇನ್ನೊಂಚೂರು ಹಾಕಿದೆ. ಆಮೇಲಿನ ದಿನಗಳಲ್ಲೂ ಡಬ್ಬಿ ಖಾಲಿಯಾಗುವವರೆಗೆ ಹಾಗೆಯೇ ಕೊಟ್ಟೆ. ಅವಳಿಗೆ ಸಿಹಿಯ ಬಯಕೆ.

ನನಗೆ ಶುರುವಾದದ್ದು ಎಲೆಯಡಿಕೆಯಿಂದ. ಬಾಯಿಗಿಟ್ಟರೆ ವಾಕರಿಕೆ. ಆಮೇಲೆ ಒಗ್ಗರಣೆಯ ವಾಸನೆ. ನಾನು ಗಿರಿಜಳ ಒಗ್ಗರಣೆಯ ವಾಸನೆ ಹಿಡಿದು ಗುಡ್ಡ ಇಳಿದು ಬರುತ್ತಿದ್ದವನು. ಈಗ ಅದೇ ವಾಸನೆಗೆ ಹಿತ್ತಿಲಿಗೆ ಓಡಿ ವಾಂತಿ ಮಾಡಿದೆ. ಜ್ವರ. ಮೈಯಲ್ಲಿ ಎಲುಬೇ ಇಲ್ಲದ ಹಾಗೆ. ನಡೆದ ಆಯಾಸ ಎಂದುಕೊಂಡೆ. ಮೂತ್ರ ಹಾಲು ಹಾಕದ ಕಟ್ಟಂಚಾಯದ ಬಣ್ಣಕ್ಕೆ ಬಂದದ್ದನ್ನು ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಕೂತಿದ್ದಾಗ ಗಿರಿಜ ನನ್ನ ಮುಂದೆ ನಿಂತಳು.

“ನೋಡುವ, ನಿಮ್ಮ ಕಣ್ಣಿಗೆಂತಾಯ್ತು?”

“ಎಂತ?”

ಅವಳು ಒಳಗೆ ಹೋಗಿ ಕೊಡೆ, ಚೀಲ ತೆಗೆದುಕೊಂಡು ಬಂದಳು.

ಕಾಸರಗೋಡಿನ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಬೆಂಚಿನಲ್ಲಿ ಕೂತೆವು. ನನ್ನ ಎದುರಿನ ಬೆಂಚಿನಲ್ಲಿ ನನ್ನದೇ ಪ್ರಾಯದ ಒಬ್ಬ ಬ್ಯಾರಿ. ಅವನ ಕಣ್ಣೂ ಹಳದಿ. ಅವನು ನನ್ನ ಕಣ್ಣು ನೋಡುತ್ತಿದ್ದ, ನಾನು ಅವನದು. ಕನ್ನಡಿ ಬೇಕಾಗಿರಲಿಲ್ಲ. ಅವನನ್ನು ಒಳಗೆ ಕರೆದಾಗ ಎದ್ದು, ನನ್ನ ಭುಜದ ಮೇಲೆ ಕೈಯಿಟ್ಟು ಹೋದ. ಹೆಸರು ಕೇಳಲಿಲ್ಲ. ಆ ಕೈಯ ಭಾರ ಈಗಲೂ ಉಂಟು.

ಡಾಕ್ಟ್ರಮ್ಮ ಸಣ್ಣ ಪ್ರಾಯದವರು. ರಿಪೋರ್ಟು ನೋಡಿ, ಕಾಮಾಲೆ, ನೀರಿನಿಂದ ಬಂದದ್ದು ಎಂದರು. ನನಗೆ ನಗು ಬಂತು.

“ನೀರಿನಿಂದಲಾ? ನಾನು ನೀರಿನ ಕೆಲಸದವ ಡಾಕ್ಟ್ರೇ. ದಾರಿಯಲ್ಲಿ ಮೂಸದೆ ಒಂದು ತೊಟ್ಟು ಕುಡೀಲಿಲ್ಲ. ಬಿಸಿನೀರು ಮಾತ್ರ ಹಾಗೇ ಕುಡಿದದ್ದು.”

“ಬಿಸಿ ಅಂದ್ರೆ? ಕುದಿಸಿದ್ದಾ?”

“ಕುದೀತಾ ಇತ್ತು. ನಾನೇ ನೋಡಿದ್ದೇನೆ. ಬಾಯಿ ಸುಡ್ತದೆ ಅಂತ ಒಂದು ಬಾಲ್ದಿ ತಣ್ಣೀರು ಹಾಕಿದ್ರು ಅಷ್ಟೆ.”

ಅವರು ತಲೆಯೆತ್ತಿದರು. “ಹಾಗಾದ್ರೆ ನೀವು ಕುಡಿದದ್ದು ಆ ತಣ್ಣೀರು.”

“ವಾಸನೆ ಇರ್ಲಿಲ್ಲವಲ್ಲ!”

“ಇದು ಮೂಗಿಗೆ, ನಾಲಿಗೆಗೆ ಸಿಕ್ಕುದಲ್ಲ ಅಜ್ಜಾ. ಆ ನೀರೋ ಬೇರೆಯೋ, ಅದನ್ನು ಈಗ ಹೇಳ್ಲಿಕ್ಕೂ ಆಗುದಿಲ್ಲ. ಮನೆಯಲ್ಲಿ ಯಾರೆಲ್ಲ ಇದ್ದಾರೆ?”

ಗಿರಿಜ ಹೇಳಿದಳು, “ನಾನು, ಇವರು, ಮತ್ತೆ ಮಗಳು. ಮಗಳು ಹೆರಿಗೆಗೆ ಬಂದದ್ದು.”

ಬರೆಯುತ್ತಿದ್ದ ಪೆನ್ನು ನಿಂತಿತು. ನನ್ನನ್ನು ಅಜ್ಜ ಎಂದು ಮೊದಲು ಕರೆದವರು ಆ ಡಾಕ್ಟ್ರಮ್ಮ. ಎಷ್ಟು ವರ್ಷದಿಂದ ಕಾದಿದ್ದ ಶಬ್ದ! ಆ ಶಬ್ದದ ಹಿಂದೆಯೇ ಬಂದದ್ದು ಈ ಮಾತು: ನನ್ನಂಥವನಿಗೆ ಇದು ಬಂದು ಹೋಗುತ್ತದೆ, ದಿನ ತುಂಬುತ್ತಿರುವ ಬಸುರಿಗೆ ಬಂದರೆ ಹಾಗಲ್ಲ. ಒಂದೇ ಕಕ್ಕಸು, ಒಂದೇ ಅಡುಗೆಮನೆ ಇರುವ ಮನೆಯಲ್ಲಿ ಅವಳನ್ನು ಇಡಬೇಡಿ. ಅವಳ ರಕ್ತವನ್ನು ನೋಡಬೇಕು. ಈಗ ಸರಿ ಇದ್ದರೂ ಆಮೇಲೆ ಪುನಃ ನೋಡಬೇಕು.

ನಾನು ನನ್ನ ಬಲಗೈಯ ಬೆರಳು ನೋಡಿದೆ. ಇನ್ನೊಂಚೂರು, ಇನ್ನೊಂಚೂರು ಎಂದು ಹಾಕಿದ ಬೆರಳು.

ತುಂಬಿದ ಹೊಟ್ಟೆಯಲ್ಲಿ ತವರಿಗೆ ಬಂದ ಮಗಳನ್ನು ಹೆರುವ ಮೊದಲೇ ವಾಪಸ್ ಕಳಿಸಿದವರು ನಮ್ಮಲ್ಲಿ ಯಾರೂ ಇಲ್ಲ. ನಾವು ಕಳಿಸಿದೆವು. ಸುಧಾಕರನ ಅಮ್ಮ ಏನೆನ್ನುತ್ತಾರೋ ಎಂದು ಹೆದರಿ ಫೋನು ಮಾಡಿದರೆ ಅವರು, “ನನ್ನ ಮಗಳು ನನ್ನ ಮನೆಗೆ ಬರುದಕ್ಕೆ ನೀವು ಯಾಕೆ ಅಳುದು?” ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಈ ಜನ್ಮವಿಡೀ ಋಣಿ. ವಿನುತಳೇ ಹಟ ಹಿಡಿದಳು. ಅಪ್ಪನನ್ನು ಬಿಟ್ಟು ಹೋಗುವುದಿಲ್ಲ ಎಂದು ಜಗಲಿಯಲ್ಲಿ ಕೂತಳು. ನಾನು ಬೇರೆಯಾಗಿ ಇದ್ದ ಹಿಂದಿನ ಕೋಣೆಯ ಕಿಟಕಿಯಿಂದ ಬೊಬ್ಬೆ ಹಾಕಿದೆ, “ಹೋಗು ಅಂತ ಹೇಳಿದ್ರೆ ಹೋಗ್ಬೇಕು!” ಅವಳ ಮೇಲೆ ಅಷ್ಟು ಜೋರು ಮಾಡಿದ್ದು ಅದೇ ಮೊದಲು. ಅವಳು ಎದ್ದು ಕಿಟಕಿಯ ಹತ್ತಿರ ಬರಲು ನೋಡಿದಳು, ನಾನು ದೂರ ಹೋದೆ. ಅಂಗಳದಿಂದಲೇ ನನ್ನನ್ನು ನೋಡಿ, ಕಣ್ಣೊರೆಸಿಕೊಂಡು, “ಅಪ್ಪಾ, ನಿಮ್ಮನ್ನು ಈಗ ಹುಲಿವೇಷಕ್ಕೆ ಕಳಿಸ್ಬಹುದು. ಬಣ್ಣ ಬೇಡ,” ಎಂದಳು.

ಹೋದಳು. ಜೀಪು ಇಳಿಯುವ ಶಬ್ದ ಎಷ್ಟು ಹೊತ್ತು ಕೇಳಿತು!

ಗಿರಿಜ ಮೊಳೆಯಿಂದ ನನ್ನ ಊಟದ ಬಟ್ಟಲಿಗೂ ಲೋಟೆಗೂ ಒಂದು ಗೀರು ಹಾಕಿದಳು, ಬೇರೆಯದರ ಜೊತೆ ಬೆರಕೆ ಆಗಬಾರದೆಂದು. ಊಟ ಕೋಣೆಯ ಬಾಗಿಲಿಗೆ ಬರುತ್ತಿತ್ತು. ಉಣ್ಣುವುದೇನು, ಗಂಜಿಯ ತಿಳಿ. ಅದೂ ನಿಲ್ಲುತ್ತಿರಲಿಲ್ಲ. ಮೈಯೆಲ್ಲ ತುರಿಕೆ, ಒಳಗಿನಿಂದ ಇರುವೆ ಹರಿದ ಹಾಗೆ. ನೆರೆಯ ಮುದುಕಿಯೊಬ್ಬರು ನೆಲನೆಲ್ಲಿ ಅರೆದು ತಂದರು. ಇನ್ನೊಬ್ಬರು ಕೈಗೆ ಬರೆ ಹಾಕಿಸಿದರೆ ಒಂದೇ ಸಲಕ್ಕೆ ಇಳಿಯುತ್ತದೆ ಎಂದರು. ಮತ್ತೊಬ್ಬರು ಅಂಗಳದಲ್ಲಿ ನಿಂತು, ನನಗೆ ಕೇಳುವ ಹಾಗೆ, “ಮಲೆಗೆ ಹೋಗಿ ಬಂದವರಿಗೆ ಹೀಗಾಗ್ಬೇಕಾದ್ರೆ ವ್ರತದಲ್ಲಿ ಎಂತದೋ ಹೆಚ್ಚುಕಡಿಮೆ ಆಗಿರ್ಬೇಕು,” ಎಂದರು. ಗಿರಿಜ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದುಕೊಂಡೇ ಹೊರಗೆ ಹೋದಳು. ಆಮೇಲೆ ಅವರು ಬರಲಿಲ್ಲ. ಆದರೆ ಮಾತು ಉಳಿಯಿತು. ಗೋಡೆ ನೋಡಿಕೊಂಡು ಮಲಗಿದವನಿಗೆ ಅಂಥ ಮಾತು ಬೇಗ ಬೇರು ಬಿಡುತ್ತದೆ. ಯಾವ ತಪ್ಪು? ಯಾವ ದಿನ? ಹುಡುಕಿ ಹುಡುಕಿ ಸುಸ್ತಾದೆ. ಕೊನೆಗೆ ಸಿಕ್ಕಿದ್ದು ಆ ನೀಲಿ ಡ್ರಮ್ಮು, ಆ ಹೆಂಗಸಿನ ಪಾಪದ ಮುಖ.

ವಿನುತಳ ಮೊದಲ ರಿಪೋರ್ಟು ಒಳ್ಳೆಯದು ಬಂತು. ಅದನ್ನು ಕೇಳಿ ಒಂದು ಬಟ್ಟಲು ಗಂಜಿ ಪೂರ್ತಿ ಉಂಡೆ. ಆದರೆ ‘ಪುನಃ ನೋಡಬೇಕು’ ಎಂದಿದ್ದರಲ್ಲ. ನನ್ನ ಕಾಮಾಲೆ ಇನ್ನೂ ಏರಿ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದು, ಆಸ್ಪತ್ರೆಗೆ ಸೇರಿಸಿದರು. ಗ್ಲೂಕೋಸಿನ ಬಾಟಲಿ ತೊಟ್ಟು ತೊಟ್ಟು ಇಳಿಯುವುದನ್ನು ನೋಡುತ್ತ ಮಲಗಿದೆ. ಸುರಂಗದ ಕೊನೆಯಲ್ಲಿ ನೀರು ಹಾಗೆಯೇ ಬೀಳುವುದು. ಮೊದಲಾದರೆ ಆ ಶಬ್ದಕ್ಕೆ ನನಗೆ ಖುಷಿ. ಈಗ ನೀರಿನ ಮೇಲೆಯೇ ಜಿಗುಪ್ಸೆ. ಇಡೀ ಆಯುಷ್ಯ ಯಾವುದನ್ನು ಜನರ ಮನೆಬಾಗಿಲಿಗೆ ತಂದು ಕೊಟ್ಟೆನೋ, ಅದೇ ನನ್ನ ಮನೆಯೊಳಗೆ ಹೀಗೆ ಬಂತಲ್ಲ!

ಬಿಡುಗಡೆಯಾಗಿ ಮನೆಗೆ ಬಂದು ಗೋಡೆ ಹಿಡಿದು ನಡೆಯಲು ಶುರುಮಾಡಿದ್ದೆ. ಆಗ ಸುಧಾಕರನ ಫೋನು ಬಂತು. ಗಿರಿಜ ಎತ್ತಿದಳು. ಅವಳು ಫೋನು ಹಿಡಿದೇ ನೆಲದ ಮೇಲೆ ಕೂತದ್ದು ನೋಡಿ ನನಗೆ ಗೊತ್ತಾಯಿತು. ವಿನುತಳಿಗೆ ಎರಡು ದಿನದಿಂದ ವಾಂತಿಯಂತೆ. ಕಣ್ಣು ಹಳದಿಯಂತೆ. ಗಡಿ ದಾಟಿಸಿ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಾರಂತೆ.

ಗಿರಿಜ ಹೊರಟಳು. ನನ್ನ ಜೊತೆಗೆ ಐತಪ್ಪ ಬಂದು ಕೂತ. ಅವನೇ ಗಂಜಿ ಬೇಯಿಸಿದ, ಅಡಿ ಹಿಡಿಸಿದ, ಅದನ್ನೇ ಕೊಟ್ಟ.

“ಉಣ್ಣು ಮಾರಾಯ.”

“ನೀನು ದಾರಿಯಲ್ಲಿ ಸಿಕ್ಕಿದ ನಲ್ಲಿಯದ್ದೆಲ್ಲ ಕುಡಿದಿ. ನಿನಗೆಂತ ಆಗ್ಲಿಲ್ಲ.”

“ಆಗ್ಲಿಲ್ಲ.”

“ನಾನು ಮೂಸಿ ಮೂಸಿ ಕುಡಿದೆ.”

“ಹೌದು. ಬೈ ನನಗೆ. ಯಾರಿಗಾದ್ರೂ ಬೈಬೇಕಲ್ಲ ನಿನಗೆ. ನನಗೇ ಬೈ.”

ಬೈಯಲಿಲ್ಲ. ಇಬ್ಬರೂ ಅಡಿ ಹಿಡಿದ ಗಂಜಿಯ ಮುಂದೆ ಕೂತು ಫೋನು ನೋಡುತ್ತಿದ್ದೆವು. ಅದು ಬಡಿದರೂ ಭಯ, ಬಡಿಯದಿದ್ದರೂ ಭಯ.

ಬಡಿಯಿತು. ಸುಧಾಕರ. ಗಂಡಸು ಹಾಗೆ ಅಳುವುದನ್ನು ನಾನು ಕೇಳಿರಲಿಲ್ಲ. ರಕ್ತ ಹೆಪ್ಪುಗಟ್ಟುತ್ತಿಲ್ಲವಂತೆ, ಮಗುವನ್ನು ಬೇಗ ಹೊರಗೆ ತರಬೇಕಂತೆ, ಇಬ್ಬರ ಬಗ್ಗೆಯೂ ಏನೂ ಹೇಳುವಂತಿಲ್ಲವಂತೆ. “ಮಾವ, ಅವಳು ನನ್ನ ಗುರ್ತ ಹಿಡೀತಾ ಇಲ್ಲ. ನೀವೊಂಚೂರು ಮಾತಾಡಿ. ನಿಮ್ಮ ಸ್ವರ ಕೇಳಿದ್ರೆ…”

ಫೋನನ್ನು ಅವಳ ಕಿವಿಗೆ ಹಿಡಿದನೆಂದು ಕಾಣುತ್ತದೆ. “ಮಗಾ,” ಎಂದೆ. ಉಸಿರು ಕೇಳಿತು. ಆಮೇಲೆ ಅವಳು ಹೇಳಿದಳು. ಸಣ್ಣ ಹುಡುಗಿಯ ಸ್ವರ, ಅರೆನಿದ್ದೆಯಲ್ಲಿ ಮಾತಾಡಿದ ಹಾಗೆ.

“ಅಪ್ಪಾ, ಹೊರಗೆ ಬನ್ನಿ. ಊಟಕ್ಕಾಯ್ತು.”

ಅಷ್ಟೇ. ಫೋನು ಕಟ್ಟಾಯಿತು.

ನಾನು ಎದ್ದು ಹಿತ್ತಿಲಿಗೆ ಹೋದೆ. ನಮ್ಮ ಮನೆಯ ಹಿಂದೆ ನನ್ನ ಸ್ವಂತ ಸುರಂಗ ಉಂಟು. ಮದುವೆಯಾದ ವರ್ಷ ಕೊರೆದದ್ದು. ಬಗ್ಗಿ ಒಳಗೆ ಹೋದೆ. ದೀಪ ಒಯ್ಯಲಿಲ್ಲ. ಗೋಡೆ ತಡವಿಕೊಂಡು ಕೊನೆಯವರೆಗೆ ಹೋಗಿ, ಪಾದ ಮುಳುಗುವಷ್ಟು ನೀರಿನಲ್ಲಿ ಕೂತೆ. ಬೇರೆ ಎಲ್ಲಿಗೆ ಹೋಗಲಿ? ಪ್ರಾರ್ಥನೆ ಮಾಡೋಣವೆಂದರೆ ಬಾಯಿ ಬರಲಿಲ್ಲ. ಯಾವ ದೇವರ ಹತ್ತಿರ ನಡೆದು ಹೋಗಿ ಈ ಮಗುವನ್ನು ಕಾಪಾಡು ಎಂದು ಕೇಳಿದೆನೋ, ಆ ದಾರಿಯಲ್ಲೇ ಇದನ್ನು ಹೊತ್ತುಕೊಂಡು ಬಂದೆನೋ ಏನೋ. ಬಾಯಾರಿತ್ತು. ಬೊಗಸೆಯಲ್ಲಿ ನೀರು ತೆಗೆದೆ. ನಾನೇ ಕೊರೆದ ಸುರಂಗ, ಕಲ್ಲು ಸೋಸಿ ಕೊಟ್ಟ ನೀರು. ಬಾಯಿಯವರೆಗೆ ತಂದು, ಚೆಲ್ಲಿದೆ. ಕುಡಿಯಲು ಧೈರ್ಯ ಬರಲಿಲ್ಲ. ಅವಳು ಹೋದರೆ ನಾನು ಇಲ್ಲಿಂದ ಹೊರಗೆ ಬರುವುದಿಲ್ಲ ಎಂದುಕೊಂಡೆ. ಇದನ್ನು ನಾನು ಗಿರಿಜಳಿಗೂ ಹೇಳಿಲ್ಲ. ಓದಿದರೆ ಬೈಯುತ್ತಾಳೆ. ಬೈಯಲಿ.

ಎಷ್ಟು ಹೊತ್ತು ಕೂತೆನೋ. ಸುರಂಗದ ಬಾಯಲ್ಲಿ ಬೆಳಕಿಗೆ ಅಡ್ಡ ಯಾರೋ ನಿಂತರು.

“ಹೊರಗೆ ಬಾ ಮಾರಾಯ! ಫೋನ್ ಬಂತು! ಹೆಣ್ಣು! ಕೂಗಿತಂತೆ, ಜೋರು ಕೂಗಿತಂತೆ!”

“ವಿನುತ?”

ಐತಪ್ಪ ಬಗ್ಗಿ ಒಳಗೆ ಎರಡು ಹೆಜ್ಜೆ ಬಂದ. ಆಮೇಲೆ ಮೆಲ್ಲ ಹೇಳಿದ, “ಉಸಿರುಂಟು. ಎಚ್ಚರ ಇಲ್ಲ. ನೀನು ಮೊದಲು ಹೊರಗೆ ಬಾ.”

ಮಗು ಹುಟ್ಟಿದ ಸುದ್ದಿ ಕೇಳಿ ನಗಲಾರದ ಅಜ್ಜ ಲೋಕದಲ್ಲಿ ಇರಬಾರದು. ನಾನಿದ್ದೆ. ಮಗು ಒಂದು ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ, ತಾಯಿ ಇನ್ನೊಂದು ಕೋಣೆಯ ಗಾಜಿನ ಬಾಗಿಲಿನ ಆಚೆ. ಗಿರಿಜ ಎರಡು ಬಾಗಿಲುಗಳ ನಡುವಿನ ಬೆಂಚಿನಲ್ಲಿ. ಸುಧಾಕರನ ಜೊತೆಯ ಕೆಲಸದವರು ಬಂದು ಬಂದು ರಕ್ತ ಕೊಟ್ಟರು. ಯಾರ್ಯಾರ ರಕ್ತ ನನ್ನ ಮಗಳ ಮೈಯಲ್ಲಿ ಓಡುತ್ತಿದೆಯೋ, ಅವರ ಮಕ್ಕಳುಮರಿ ತಣ್ಣಗಿರಲಿ. ದಿನಾ ಬೆಳಿಗ್ಗೆ ಗಿರಿಜಳ ಫೋನು. “ಎಂತ?” ಎಂದು ಕೇಳುವೆ. “ಹಾಗೇ ಉಂಟು,” ಎನ್ನುವಳು. ‘ಹಾಗೇ ಉಂಟು’ ಎಂಬ ಮಾತನ್ನು ಹಿಡಿದುಕೊಂಡು ಸಂಜೆಯವರೆಗೆ ಬದುಕಬೇಕು. ಬದುಕಿದೆ. ನೀವೂ ಬದುಕುತ್ತೀರಿ. ಬೇರೆ ಬುದ್ಧಿಮಾತು ನನ್ನ ಹತ್ತಿರ ಇಲ್ಲ.

ಒಂದು ಬೆಳಿಗ್ಗೆ “ಎಂತ?” ಎಂದಾಗ ಆ ಕಡೆಯಿಂದ ಗಿರಿಜಳ ಸ್ವರ ಬರಲಿಲ್ಲ. ಸೊರಗಿದ, ಒಡೆದ ಇನ್ನೊಂದು ಸ್ವರ ಬಂತು.

“ಅಪ್ಪಾ, ನನಗೀಗ ಹುಲಿವೇಷ.”

ನಾನು ಅಂಗಳದ ನಡುವೆ ಕೂತುಬಿಟ್ಟೆ. ಐತಪ್ಪ ಏನೋ ಕೆಟ್ಟ ಸುದ್ದಿ ಎಂದು ಓಡಿ ಬಂದ. ನಾನು ಅಳುತ್ತಾ ನಗುತ್ತಿದ್ದೆ. “ನನ್ನ ಬೆರಳಿನಿಂದ ಆಯ್ತು ಮಗಾ,” ಎಂದೆ.

“ಎಂತ ಬೆರಳು? ನಾನು ಹೋದಲ್ಲೆಲ್ಲ ನೀರು ಕುಡಿದಿದ್ದೇನೆ, ಬಸ್‌ಸ್ಟ್ಯಾಂಡಲ್ಲಿ ಕಬ್ಬಿನಹಾಲು ಕುಡಿದಿದ್ದೇನೆ. ಎಲ್ಲಿಂದ ಬಂತು ಅಂತ ಡಾಕ್ಟ್ರಿಗೇ ಗೊತ್ತಿಲ್ಲ. ನಿಮಗೆ ಗೊತ್ತುಂಟಾ?”

ಗೊತ್ತಿಲ್ಲ. ಈಗಲೂ ಗೊತ್ತಿಲ್ಲ. ಗೊತ್ತಿಲ್ಲದೆ ಇರುವುದೂ ಕೆಲವು ಸಲ ದೇವರು ಕೊಟ್ಟ ಚಾಪೆ; ಅದರ ಮೇಲೆ ಸ್ವಲ್ಪ ಮಲಗಬಹುದು.

ಇನ್ನೂ ವಾರಗಳು ಹಿಡಿದವು. ಮಗು ತೂಕ ಏರಬೇಕು, ತಾಯಿಯ ಹಳದಿ ಇಳಿಯಬೇಕು. ಅವರನ್ನು ನೋಡಲು ನನಗೆ ಬಿಡಲಿಲ್ಲ, ನಾನೂ ಕೇಳಲಿಲ್ಲ. ನನ್ನ ರಕ್ತ ಪೂರ್ತಿ ಸರಿಯಾಯಿತೆಂದು ಡಾಕ್ಟ್ರಮ್ಮ ಹೇಳಿದ ಮೇಲೂ ನಾನು ಗೀರು ಹಾಕಿದ ಬಟ್ಟಲಲ್ಲೇ, ಹಿಂದಿನ ಕೋಣೆಯಲ್ಲೇ ಉಣ್ಣುತ್ತಿದ್ದೆ. ಮಂಗಳೂರಿನಿಂದ ಕುಂಜತ್ತೂರು ಹತ್ತಿರ, ಅಲ್ಲಿಗೇ ಹೋಗುವ ಎಂದು ಸುಧಾಕರ ಹೇಳಿದರೆ ವಿನುತ ಒಪ್ಪಲಿಲ್ಲವಂತೆ. “ಅರ್ಧದಲ್ಲಿ ಎದ್ದು ಬಂದದ್ದು ನಾನು. ಬಾಣಂತನ ನನ್ನ ಅಪ್ಪನ ಮನೆಯಲ್ಲೇ,” ಎಂದಳಂತೆ. ಅವಳ ಅತ್ತೆಯೇ ಮಗುವಿಗೆ ಕಾಡಿಗೆ ಇಟ್ಟು ಕಳಿಸಿದರು.

ಹಾಗೆ ನಿನ್ನೆ ಬಂದರು.

ಗಿರಿಜ ಬಂದವಳೇ ಒಲೆಯ ಮುಂದೆ. ಇಡೀ ಮನೆಯಲ್ಲಿ ಒಗ್ಗರಣೆಯ ವಾಸನೆ, ನನಗೆ ಹಸಿವೆ! ನೀರನ್ನು ಬೆಳಿಗ್ಗೆಯೇ ನಾನು ಕುದಿಸಿ, ಮುಚ್ಚಿ, ತಾನಾಗಿಯೇ ತಣಿಯಲು ಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಈಗ ಬಿಸಿನೀರಿಗೆ ತಣ್ಣೀರು ಸೇರಿಸುವ ಕ್ರಮ ಇಲ್ಲ. ಬಾಯಿ ಸುಟ್ಟರೆ ಕಾಯಬೇಕು, ಅಷ್ಟೆ.

ಸಂಜೆ ದೀಪ ಇಟ್ಟಾಯಿತು. ಒಳಗೆ ಬಟ್ಟಲುಗಳ ಶಬ್ದ. ಐತಪ್ಪನೂ ಕೂತಿದ್ದ, ಅವನನ್ನು ಇನ್ನು ಯಾರೂ ಕರೆಯಬೇಕಾಗಿಲ್ಲ. ನಾನು ಅಭ್ಯಾಸದ ಹಾಗೆ ನನ್ನ ಬಟ್ಟಲು ಹಿಡಿದು ಹಿಂದಿನ ಕೋಣೆಯಲ್ಲಿ ಕೂತೆ. ಹಸುಳೆ ಮಗು ಇರುವ ಮನೆ. ದೂರ ಇದ್ದರೆ ನಷ್ಟವೇನು?

ಅಡುಗೆಮನೆಯಿಂದ ಸ್ವರ ಬಂತು. ಗೋಡೆಗೆ ಬಡಿದು ಬರುವಾಗ ದೊಡ್ಡದಾಗಿತ್ತು.

“ಅಪ್ಪಾ, ಹೊರಗೆ ಬನ್ನಿ! ಊಟಕ್ಕಾಯ್ತು!”

ಹೋದೆ. ಸಾಬೂನು ಹಾಕಿ ಕೈ ತೊಳೆದೆ, ಇನ್ನೊಮ್ಮೆ ತೊಳೆದೆ. “ಸಾಬೂನು ಬಾಣಂತಿಗೆ ಬೇಕು, ಮುಗಿಸ್ಬೇಡಿ,” ಎಂದಳು ಗಿರಿಜ. ವಿನುತ ಗೋಡೆಗೊರಗಿ ಕೂತಿದ್ದಳು, ಮಗು ತೊಡೆಯ ಮೇಲೆ. ಎದುರು ಪಾಯಸದ ಪಾತ್ರೆ, ಚಮಚ ಇತ್ತು. ನಾನು ಚಮಚಕ್ಕೆ ಕೈ ಹಾಕಿದೆ. ಅವಳು ಅದನ್ನು ತೆಗೆದು ಸುಧಾಕರನ ಕೈಗೆ ಕೊಟ್ಟು, ನನ್ನ ಮುಂದೆ ಅಂಗೈ ಒಡ್ಡಿದಳು.

ನಾನು ಬೆರಳು ಮಡಚಿ ಹಿಡಿದೆ. ಎಲ್ಲರೂ ನೋಡುತ್ತಿದ್ದರು.

“ಹಾಕು ಮಾರಾಯ,” ಎಂದ ಐತಪ್ಪ, “ನಮಗೂ ಹಸಿವೆಯಾಗ್ತದೆ.”

ಬೆರಳಲ್ಲಿ ತೆಗೆದು ಅವಳ ಅಂಗೈಗೆ ಹಾಕಿದೆ. ನೆಕ್ಕಿದಳು. “ಇನ್ನೊಂಚೂರು,” ಎಂದಳು. ಆಮೇಲೆ ನನ್ನ ಗೀರಿನ ಬಟ್ಟಲನ್ನು ತನ್ನ ಬಟ್ಟಲಿಗೆ ತಾಗಿಸಿ ಇಟ್ಟಳು, ಗಿರಿಜ ಎಲ್ಲರಿಗೂ ಅನ್ನ ಬಡಿಸಿ ತಾನೂ ನಮ್ಮ ನಡುವೆ ಕೂತಳು, ನಾವೆಲ್ಲ ಉಂಡೆವು.